ಚನ್ನಂಗಿ ಬೇಳೆಯ ಊರಿಗೆ ತೊಗರಿ ಬೇಳೆ ಹೊತ್ತು

ಅರಸೀಕೆರೆಯ ನಮ್ಮತ್ತೆಯ ಅಡುಗೆಮನೆಯಲ್ಲಿ ಈರುಳ್ಳಿಗೆ ಕಾಲಕ್ರಮೇಣ ಒಂದಿಷ್ಟು ರಿಯಾಯಿತಿ ಸಿಕ್ಕಿದೆ. ಬೆಳ್ಳುಳ್ಳಿಗೆ ಹಿತ್ತಲ ಬಾಗಿಲವರೆಗೂ ಬರಲು ಅಪ್ಪಣೆಯಿದೆ. ಚನ್ನಂಗಿ ಬೇಳೆಗೆ ಮಾತ್ರ ಇವತ್ತಿಗೂ ಪ್ರವೇಶವಿಲ್ಲ. ಅಂಗಡಿಯವರು ಮಸೂರು ಅನ್ನುತ್ತಾರಲ್ಲ, ಅದೇ. "ಕೆಂಪಗಿರತ್ತೆ ಕಣೇ, ನೋಡಿದ್ರೆ ಮಾಂಸದ ನೆನಪಾಗತ್ತೆ" ಅನ್ನುವುದು ಅತ್ತೆಯ ವಾದ. ಅವರು ಮಾಂಸವನ್ನು ಹತ್ತಿರದಿಂದ ನೋಡಿದ್ದು ಯಾವಾಗ ಅಂತ ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

2018ರ ಆಗಸ್ಟಿನಲ್ಲಿ ನಮ್ಮ ಯಜಮಾನರು ಮಣ್ಣಿನ ಬಗ್ಗೆ ಪಿಎಚ್‌ಡಿ ಮಾಡಲು ಅಮೆರಿಕಕ್ಕೆ ಹೊರಟರು. "ಮಣ್ಣು ನೋಡೋಕೆ ಅಷ್ಟು ದೂರ ಹೋಗಬೇಕೇನೋ, ಇಲ್ಲಿಲ್ವಾ?" ಅಂತ ಅತ್ತೆ ಒಂದು ವಾರ ಗೊಣಗಿದರು. ಆಮೇಲೆ ಮನಸ್ಸು ಗಟ್ಟಿ ಮಾಡಿಕೊಂಡು ಪ್ಯಾಕಿಂಗಿಗೆ ಕೂತರು. ನನ್ನ ಸೂಟ್‌ಕೇಸಿನಿಂದ ನಾಲ್ಕು ಚೂಡಿದಾರ ಹೊರಗೆ ಬಂದವು, ಆರು ಕಿಲೋ ತೊಗರಿಬೇಳೆ ಒಳಗೆ ಹೋಯಿತು. "ಅಲ್ಲಿ ಬೇಳೆ ಗೀಳೆ ಎಲ್ಲಿ ಸಿಗತ್ತೆ, ಪಾಪ" ಅಂದರು.

ಸಿಯಾಟಲ್‌ನಲ್ಲಿ ಇಳಿದು ಇನ್ನೊಂದು ಪುಟ್ಟ ವಿಮಾನ ಹತ್ತಿದೆವು. ಕಿಟಕಿಯಿಂದ ನೋಡಿದರೆ ಕೆಳಗೆ ಮನೆಯಿಲ್ಲ, ಮರವಿಲ್ಲ. ಯಾರೋ ದೊಡ್ಡ ಜಮಖಾನ ಕೊಡವಿ ಸುಕ್ಕು ಬಿಡಿಸದೆ ಹಾಗೇ ಬಿಟ್ಟುಹೋದಂತೆ ಹೊಂಬಣ್ಣದ ದಿಬ್ಬದ ಹಿಂದೆ ದಿಬ್ಬ. ಅದಕ್ಕೆ ಪಲೂಸ್ ಅನ್ನುತ್ತಾರೆ. ಸಾವಿರಾರು ವರ್ಷ ಗಾಳಿ ಹೊತ್ತು ತಂದು ಸುರಿದ ಧೂಳೇ ಹೀಗೆ ಗುಡ್ಡವಾಗಿದೆಯಂತೆ. ಯಜಮಾನರು ಕಿಟಕಿಗೆ ಮೂಗು ಒತ್ತಿ, ನಮ್ಮ ನಿಶ್ಚಿತಾರ್ಥದ ದಿನವೂ ನಾನು ಅವರ ಮುಖದಲ್ಲಿ ಕಾಣದಿದ್ದ ಪ್ರೀತಿಯಿಂದ ಆ ಮಣ್ಣನ್ನು ನೋಡುತ್ತಿದ್ದರು.

ನಿಲ್ದಾಣದಿಂದ ಮನೆಗೆ ಹೋಗುವ ದಾರಿಯಲ್ಲಿ ಒಂದು ಬ್ಯಾನರ್ ಕಟ್ಟಿದ್ದರು. ನ್ಯಾಷನಲ್ ಲೆಂಟಿಲ್ ಫೆಸ್ಟಿವಲ್.

"ರೀ, ಲೆಂಟಿಲ್ ಅಂದ್ರೆ ಬೇಳೆ ಅಲ್ವಾ?"

"ಹೂಂ. ಈ ಸೀಮೆಯಲ್ಲಿ ಅದನ್ನೇ ಬೆಳೆಯೋದು. ಗೋಧಿ, ಕಡಲೆ, ಮತ್ತೆ ಇದು."

"ಯಾವ ಬೇಳೆ?"

ಅವರು ಕಿಟಕಿಯ ಕಡೆ ತಿರುಗಿದರು. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಅಂದರು: "ಮಸೂರು."

ಆರು ಕಿಲೋ ತೊಗರಿ ಡಿಕ್ಕಿಯಲ್ಲಿತ್ತು.

ಊರಿನ ಹೆಸರು ಪುಲ್‌ಮನ್, ವಾಷಿಂಗ್ಟನ್ ರಾಜ್ಯದ ಪೂರ್ವದ ಅಂಚು. ಮೂರು ಹಳ್ಳ ಸೇರುವ ಜಾಗವಾದ್ದರಿಂದ ಮೊದಲು ಥ್ರೀ ಫೋರ್ಕ್ಸ್ ಅಂತಿತ್ತು. ಆಮೇಲೆ ಊರಿನ ಹಿರಿಯರು ಬುದ್ಧಿ ಉಪಯೋಗಿಸಿ, ರೈಲಿನ ಸ್ಲೀಪರ್ ಬೋಗಿಗಳಿಂದ ಕೋಟ್ಯಧೀಶನಾಗಿದ್ದ ಜಾರ್ಜ್ ಪುಲ್‌ಮನ್ನನ ಹೆಸರಿಟ್ಟರು. ಹೆಸರಿಗೆ ಮೆಚ್ಚಿ ಆತ ಐವತ್ತು ಡಾಲರ್ ಕಳಿಸಿದ ಅಂತ ಊರವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ನಮ್ಮ ಕಡೆ ದೇವಸ್ಥಾನಕ್ಕೆ ಟ್ಯೂಬ್‌ಲೈಟ್ ಕೊಟ್ಟವರು ಅದರ ಮೇಲೆ ಬೆಳಕೇ ಬೀಳದಷ್ಟು ದೊಡ್ಡದಾಗಿ ಹೆಸರು ಬರೆಸುತ್ತಾರಲ್ಲ, ಆ ಲೆಕ್ಕದಲ್ಲಿ ಐವತ್ತು ಡಾಲರಿಗೆ ಇಡೀ ಊರು ಸಿಕ್ಕಿದ್ದು ಅಗ್ಗವೇ. 1890ರಲ್ಲಿ ಸ್ಥಾಪನೆಯಾದ ಕೃಷಿ ಕಾಲೇಜು ಇಲ್ಲಿಗೆ ಬಂತು. ಅದೇ ಇವತ್ತಿನ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿ. ಊರು ಕೂತಿರುವುದು ನಾಲ್ಕು ಗುಡ್ಡಗಳ ಮೇಲೆ. ನಮ್ಮ ಮನೆ ಒಂದು ಗುಡ್ಡದ ಮೇಲೆ, ಹಾಲಿನ ಅಂಗಡಿ ಇನ್ನೊಂದರ ಬುಡದಲ್ಲಿ. ಚಳಿಗಾಲದಲ್ಲಿ ಹಾಲಿಗೆ ಹೋಗುವಾಗ ನಡೆಯುವ ಕಷ್ಟವೇ ಇರಲಿಲ್ಲ, ಹಿಮದ ಮೇಲೆ ಕೂತೇ ಹೋಗುತ್ತಿದ್ದೆ. ಕೂರುವುದು ಮಾತ್ರ ನನ್ನ ಇಚ್ಛೆಯಂತೆ ಆಗುತ್ತಿರಲಿಲ್ಲ.

ಬಂದ ವಾರದಲ್ಲೇ ಬೇಳೆ ಜಾತ್ರೆ. 1989ರಿಂದ ನಡೆಸಿಕೊಂಡು ಬಂದಿದ್ದಾರೆ. ದುಂಡಗಿನ ಬೇಳೆಯ ವೇಷ ತೊಟ್ಟವನೊಬ್ಬ ಮಕ್ಕಳ ಕೈಕುಲುಕುತ್ತಾ ಓಡಾಡುತ್ತಿದ್ದ. ನೂರಾರು ಗ್ಯಾಲನ್ ಹಿಡಿಸುವ ಒಂದು ಪಾತ್ರೆಯಲ್ಲಿ ಬೇಳೆಯ ಚಿಲ್ಲಿ ಅನ್ನುವ ಗಟ್ಟಿ ಗೊಜ್ಜಿನಂಥದ್ದನ್ನು ಬೇಯಿಸಿ ಬಂದವರಿಗೆಲ್ಲ ಪುಕ್ಕಟೆ ಹಂಚುತ್ತಿದ್ದರು. ರಾಮನವಮಿಯ ಪಾನಕದ ಸಾಲಿನಷ್ಟೇ ಉದ್ದದ ಸಾಲು. ವ್ಯತ್ಯಾಸ ಒಂದೇ, ಇಲ್ಲಿ ಯಾರೂ ಎರಡನೇ ಸಲ ಬಂದು "ಮನೇಲಿ ಮಗು ಇದೆ" ಅನ್ನಲಿಲ್ಲ. ಯಜಮಾನರು ಎರಡು ಬಟ್ಟಲು ಖಾಲಿ ಮಾಡಿ, "ಅಮ್ಮನಿಗೆ ಹೇಳ್ಬೇಡ" ಅಂದರು. ನಾನು ಸೊಸೆಯಾದ್ದರಿಂದ ನಿಯಮ ನನಗೆ ಜಾಸ್ತಿ ಅನ್ವಯಿಸುತ್ತದೆ. ಬರೀ ಮೂಸಿ ನೋಡಿದೆ. ಜೀರಿಗೆಯ ವಾಸನೆಗೆ ಬಾಯಲ್ಲಿ ನೀರೂರಿತು.

ಅಲ್ಲೇ ಸಿಕ್ಕ ಒಬ್ಬ ರೈತ ನಾನು ಇಂಡಿಯಾದವಳೆಂದು ತಿಳಿದ ಕೂಡಲೇ ಕುರ್ಚಿ ಎಳೆದುಕೊಂಡು ಕೂತ. ಹಿಂದಿನ ಡಿಸೆಂಬರಿನಲ್ಲಿ ನಮ್ಮ ಸರ್ಕಾರ ಹೊರಗಿನ ಮಸೂರು, ಕಡಲೆಗಳ ಮೇಲೆ ಶೇಕಡ 30ರ ಸುಂಕ ಹಾಕಿತ್ತಂತೆ. ಯಾಕೆ ಹಾಕಿದಿರಿ, ಯಾವಾಗ ತೆಗೀತೀರಿ ಅಂತ ವಾಣಿಜ್ಯ ಮಂತ್ರಿಯನ್ನು ಕೇಳುವ ಗತ್ತಿನಲ್ಲಿ ನನ್ನನ್ನು ಕೇಳಿದ. ನಾನು ಆರು ಕಿಲೋ ತೊಗರಿಯನ್ನು ಸುಂಕವಿಲ್ಲದೆ ಅವನ ದೇಶಕ್ಕೆ ತಂದಿದ್ದೆ. ವಿಚಾರಿಸಿ ಹೇಳ್ತೀನಿ ಅಂದೆ.

ಸೆಪ್ಟೆಂಬರಿನ ಒಂದು ಶನಿವಾರ ಅತ್ತೆಗೆ ಫೋನಿನಲ್ಲಿ ಬಾಯಿತಪ್ಪಿ ನಿಜವನ್ನೇ ಹೇಳಿಬಿಟ್ಟೆ: "ನಾಳೆ ತರಕಾರಿಗೆ ಮಾಸ್ಕೋಗೆ ಹೋಗ್ತೀವಿ ಅತ್ತೆ."

ಮಾರನೆಯ ದಿನ ರಾಯರ ಮಠದಲ್ಲಿ ಸುದ್ದಿಯಾಯಿತು. ಸೋಮವಾರ ದಾವಣಗೆರೆಯಿಂದ ದೊಡ್ಡಪ್ಪನ ಫೋನು: "ರಷ್ಯಾದಲ್ಲಿ ತರಕಾರಿ ಅಗ್ಗವಂತಾ? ವೀಸಾ ಯಾವಾಗ ಮಾಡಿಸಿದ್ರಿ?" ಪುಲ್‌ಮನ್ನಿನಿಂದ ಎಂಟು ಮೈಲಿ ದೂರದಲ್ಲಿ, ಐಡಾಹೊ ರಾಜ್ಯದ ಗಡಿ ದಾಟಿದ ಕೂಡಲೇ ಮಾಸ್ಕೋ ಅಂತ ಒಂದು ಊರಿದೆ, ಅಲ್ಲೂ ಒಂದು ಯೂನಿವರ್ಸಿಟಿ ಇದೆ, ಅಲ್ಲಿಗೂ ಇಲ್ಲಿಗೂ ನಡುವೆ ಗೋಧಿ ಹೊಲ ಬಿಟ್ಟರೆ ಏನೂ ಇಲ್ಲ ಅಂತ ವಿವರಿಸಿದೆ. ಹಳೆಯ ರೈಲು ಹಳಿ ಇದ್ದ ಜಾಗದಲ್ಲಿ ಸೈಕಲ್ ದಾರಿ ಮಾಡಿದ್ದಾರೆ, ಮನಸ್ಸಾದರೆ ಸೈಕಲ್ಲಿನಲ್ಲೂ ಹೋಗಿಬರಬಹುದು ಅಂತಲೂ ಸೇರಿಸಿದೆ. ಅದು ತಪ್ಪಾಯಿತು. ಬಂಧುಗಳಲ್ಲಿ ಅರ್ಧ ಜನ ನಾವು ರಷ್ಯಾದಲ್ಲಿದ್ದೇವೆಂದೂ ಇನ್ನರ್ಧ ಜನ ನನಗೆ ಅಲ್ಲಿ ತಲೆ ಕೆಟ್ಟಿದೆಯೆಂದೂ ತೀರ್ಮಾನಿಸಿದರು. ನಮ್ಮೂರ ಯೂನಿವರ್ಸಿಟಿಯವರು ಸಂಶೋಧನೆಗೆ ಕರಡಿ ಸಾಕಿದ್ದರು, ರಸ್ತೆಯಿಂದಲೇ ಕಾಣುತ್ತಿದ್ದವು ಅನ್ನುವ ಸಂಗತಿಯನ್ನು ನಾನು ಇವತ್ತಿಗೂ ಯಾರಿಗೂ ಹೇಳಿಲ್ಲ.

ಆದರೆ ಊರಿಗೆಲ್ಲ ನನ್ನ ಪರಿಚಯವಾದದ್ದು ನವೆಂಬರ್ 23ರಂದು. ಅವತ್ತು ಕಾರ್ತಿಕ ಹುಣ್ಣಿಮೆ. ಕಾಲೇಜ್ ಹಿಲ್‌ನಲ್ಲಿದ್ದ ಗೆಳತಿಯ ಮನೆಯಲ್ಲಿ ದೀಪ ಹಚ್ಚುವುದೆಂದು ಮಾತಾಗಿತ್ತು. ಮದುವೆಯಲ್ಲಿ ಅಮ್ಮ ಕೊಟ್ಟ ಮೈಸೂರ್ ಸಿಲ್ಕ್ ತೆಗೆದೆ. ನೇರಳೆ ಒಡಲು, ಅಂಗೈಯಗಲದ ಚಿನ್ನದ ಜರಿ ಅಂಚು. ಮೇಲೊಂದು ಜಾಕೆಟ್, ಕೆಳಗೆ ಬೂಟು, ನಡುವೆ ಮೊಣಕಾಲಿನಿಂದ ಕೆಳಗೆ ನೇರಳೆ ಮತ್ತು ಚಿನ್ನ. ಕನ್ನಡಿಯಲ್ಲಿ ನೋಡಿಕೊಂಡು, ಪರವಾಗಿಲ್ಲ, ಲಕ್ಷಣವಾಗಿದ್ದೀನಿ ಅಂದುಕೊಂಡೆ.

ಅವತ್ತೇ ಆಪಲ್ ಕಪ್ ಅಂತ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಸೇಬಿನ ಮೇಳ ಅಂದುಕೊಂಡಿರುತ್ತಿದ್ದೆ. ಅದು ನಮ್ಮೂರ ಯೂನಿವರ್ಸಿಟಿಯ ತಂಡ ಕೂಗರ್ಸ್‌ಗೂ ಸಿಯಾಟಲ್‌ನ ವಾಷಿಂಗ್ಟನ್ ಯೂನಿವರ್ಸಿಟಿಗೂ ನಡೆಯುವ ಅಮೆರಿಕನ್ ಫುಟ್‌ಬಾಲ್ ಕದನ. ಸ್ಟೇಡಿಯಂನಲ್ಲಿ ಹಿಡಿಸುವುದು ಸುಮಾರು 33,000 ಜನ. 2020ರ ಗಣತಿಯಲ್ಲಿ ಊರಿನ ಜನಸಂಖ್ಯೆ 32,901. ಅಂದರೆ ತೊಟ್ಟಿಲ ಕೂಸಿನಿಂದ ಹಿಡಿದು ಎಲ್ಲರೂ ಹೋಗಿ ಕೂತರೂ ಸೀಟು ಮಿಗುತ್ತದೆ. ನಮ್ಮವರ ಬಣ್ಣ ಕಡುಗೆಂಪು. ಎದುರಾಳಿಯ ಬಣ್ಣ ನೇರಳೆ ಮತ್ತು ಚಿನ್ನ.

ಬಸ್ ಹತ್ತಿದೆ. ಒಳಗೆಲ್ಲ ಕೆಂಪು. ಅದಕ್ಕಿಂತ ಗಾಬರಿಯಾದದ್ದು ಮೀಸೆ ನೋಡಿ. ಆ ವರ್ಷದ ತಂಡದ ಹುರಿಯಾಳು ಗಾರ್ಡನರ್ ಮಿನ್‌ಶ್ಯೂಗೆ ಭರ್ಜರಿ ಮೀಸೆ. ಅವನ ಅಭಿಮಾನಕ್ಕೆ ಊರಲ್ಲಿ ಹೆಂಗಸರು ಮಕ್ಕಳೆನ್ನದೆ ಮೀಸೆ ಅಂಟಿಸಿಕೊಂಡಿದ್ದರು. ನನ್ನ ಪಕ್ಕ ಕೂತಿದ್ದ ಎಪ್ಪತ್ತರ ಅಜ್ಜಿಗೂ ಇತ್ತು. ಅಜ್ಜಿ ನನ್ನ ಸೀರೆಯ ಅಂಚನ್ನು ಕೆಳಗಿನಿಂದ ಮೇಲೆ ನೋಡಿ, ಮೀಸೆಯನ್ನು ಒಮ್ಮೆ ಒತ್ತಿಕೊಂಡು ಕೇಳಿತು: "ಆರ್ ಯೂ ಎ ಹಸ್ಕಿ?"

ನನಗೆ ಮೂರು ದಿನದಿಂದ ನೆಗಡಿ. ಗಂಟಲು ಕಟ್ಟಿತ್ತು. ಹಸ್ಕಿ ಅಂದರೆ ಒಡಕು ದನಿ ಅಂತಲೇ ನನಗೆ ಗೊತ್ತಿದ್ದದ್ದು. ಧ್ವನಿ ಕೇಳಿಯೇ ಗುರುತಿಸಿದರಲ್ಲ, ಎಷ್ಟು ಅಂತಃಕರಣ ಅಂತ ಮನಸ್ಸು ತುಂಬಿ ಬಂತು. "ಎಸ್, ವೆರಿ," ಅಂದೆ. "ಮೂರು ದಿನದಿಂದ."

ಬಸ್ಸಿನಲ್ಲಿ ಮಾತು ನಿಂತುಹೋಯಿತು. ಸಿಯಾಟಲ್ ತಂಡದ ಹೆಸರೇ ಹಸ್ಕೀಸ್ ಅಂತ ಗೆಳತಿ ಹೇಳಿದ್ದು ದೀಪಕ್ಕೆ ಎಣ್ಣೆ ಹಾಕುವಾಗ. ಸಂಜೆ ಹಿಮ ಸುರಿಯಲು ಶುರುವಾದದ್ದು ನಿಲ್ಲಲೇ ಇಲ್ಲ. ಅಷ್ಟೂ ಹೊತ್ತು ಮೈದಾನದ ಗೆರೆಗಳೂ ಕಾಣದ ಹಾಗೆ ಆಟ ನಡೆದು, ಅದುವರೆಗೆ ಒಂದೇ ಒಂದು ಪಂದ್ಯ ಸೋತಿದ್ದ ನಮ್ಮ ತಂಡ 28-15ರಿಂದ ಸೋತಿತು. ಸೋಮವಾರ ಹಾಲಿನ ಅಂಗಡಿಯ ಹುಡುಗಿ ಬಿಲ್ ಕೊಡುತ್ತಾ, "ನೇರಳೆ ಉಡುಪಿನವರು ನೀವೇನಾ?" ಅಂದಳು. ಕೆಳಮನೆಯ ಹೆಂಗಸು ಮುಂದಿನ ಸಲಕ್ಕೆ ಇರಲಿ ಅಂತ ಕೆಂಪು ಶಾಲು ತಂದುಕೊಟ್ಟಳು. ಜೊತೆಗೆ ಸಮಾಧಾನಕ್ಕೆ ಒಂದು ಚೀಲ ಹಸಿರು ಲೆಂಟಿಲ್ಸ್. ಅವಳ ತಮ್ಮನ ಹೊಲದ್ದಂತೆ. ಅರಸೀಕೆರೆಯಲ್ಲಿ ನಾನು ಜಡೆ ಹಾಕದೆ ಹೊರಗೆ ಹೋದರೆ ಸಂಜೆಯೊಳಗೆ ತಿಪಟೂರಿಗೆ ಗೊತ್ತಾಗುತ್ತಿತ್ತು. ಇಲ್ಲೂ ಅಷ್ಟೇ, ತಿಪಟೂರು ಮಾತ್ರ ಇಲ್ಲ.

ಡಿಸೆಂಬರಿನಲ್ಲಿ ತೊಗರಿ ಮುಗಿಯಿತು. ನಮಗೆ ಗೊತ್ತಿದ್ದ ಇಂಡಿಯನ್ ಅಂಗಡಿ 75 ಮೈಲಿ ದೂರದ ಸ್ಪೋಕೇನಿನಲ್ಲಿ. ರಸ್ತೆ ತುಂಬ ಹಿಮ. ಮೂರು ದಿನ ಬರೀ ಮಜ್ಜಿಗೆ ಹುಳಿ ತಿಂದು, ನಾಲ್ಕನೆಯ ದಿನ ಪರದೆ ಎಳೆದು ಆ ಹಸಿರು ಚೀಲ ಬಿಚ್ಚಿದೆ. ಪರದೆ ಯಾಕೆ ಎಳೆದೆ ಅಂತ ಕೇಳಬೇಡಿ. ಬೆಂದ ಬೇಳೆಗೆ ಹುಣಸೆ ರಸ, ಸಾರಿನಪುಡಿ, ಇಂಗಿನ ಒಗ್ಗರಣೆ. ತೊಗರಿಯಷ್ಟು ನುಣ್ಣಗೆ ಕರಗಲಿಲ್ಲ, ನಿಜ. ಆದರೆ ಯಜಮಾನರು ತಟ್ಟೆಯಲ್ಲಿ ಉಳಿದದ್ದನ್ನು ಬೆರಳಲ್ಲಿ ಬಳಿದು ತಿಂದರು. ಸರಿಯಾಗಿ ಆಗಲೇ ಅತ್ತೆಯ ವಿಡಿಯೋ ಕಾಲ್.

"ಏನೇ ಅದು, ಸಾರು ಪಾಚಿ ಬಣ್ಣಕ್ಕಿದೆ?"

"ಹೆಸರುಕಾಳು ಅತ್ತೆ."

ಆ ಚಳಿಗಾಲವೆಲ್ಲ ನಾವು ಹೆಸರುಕಾಳು ತಿಂದೆವು.

ಮರುವರ್ಷ ಬೇಸಿಗೆಗೆ ಅತ್ತೆಯೇ ಬಂದಿಳಿದರು. ಮಗ ಪ್ರೀತಿಯಿಂದ ಯೂನಿವರ್ಸಿಟಿ ಡೈರಿಯ ಕೂಗರ್ ಗೋಲ್ಡ್ ಚೀಸ್ ತಂದ. 1940ರ ದಶಕದಿಂದಲೂ ಅದನ್ನು ತಗಡಿನ ಡಬ್ಬದಲ್ಲೇ ತುಂಬಿ ಮಾರುತ್ತಾರೆ, ಒಂದೊಂದು 30 ಔನ್ಸ್. ಅತ್ತೆ ಚೀಸನ್ನು ಮೂಸಿ ಪಕ್ಕಕ್ಕಿಟ್ಟರು. ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿ, "ಒಳ್ಳೆ ಗಟ್ಟಿ ಡಬ್ಬ. ಖಾಲಿಯಾದ್ಮೇಲೆ ಎಸೀಬೇಡಿ" ಅಂದರು.

ಆಗಸ್ಟಿನ ಮೊದಲ ವಾರ ಸಂಜೆ ಮೂವರೂ ಊರಂಚಿನಲ್ಲಿ ನಡೆಯುತ್ತಿದ್ದೆವು. ಗುಡ್ಡದ ಇಳಿಜಾರಿನ ತುಂಬ ಮೊಣಕಾಲಿಗಿಂತ ಗಿಡ್ಡನೆಯ ಗಿಡ, ಒಂದಕ್ಕೊಂದು ಹೆಣೆದುಕೊಂಡು ಒಣಗುತ್ತಾ ಬಂದಿತ್ತು. ಅತ್ತೆ ಬಗ್ಗಿ ಒಂದು ಕಾಯಿ ಕಿತ್ತರು. ಚಪ್ಪಟೆ ಕಾಯಿ, ಒಳಗೆ ಎರಡೇ ಕಾಳು.

"ಇದೇನೇ?"

"ಹೆಸರು..." ಅಂದೆ.

"ಹೆಸರಿನ ಗಿಡ ನಂಗೆ ಗೊತ್ತಿಲ್ವೇನೇ? ಹೆಸರಿನ ಕಾಯಿ ಬೆರಳುದ್ದ ಇರತ್ತೆ. ನಮ್ಮಪ್ಪ ಎರಡೆಕರೆ ಬೆಳೀತಿದ್ರು."

ಯಜಮಾನರು ತಟ್ಟನೆ ಮಣ್ಣು ಪರೀಕ್ಷೆಗೆ ಕೂತುಬಿಟ್ಟರು. ನಾನೊಬ್ಬಳೇ ನಿಂತು ಎಲ್ಲ ಒಪ್ಪಿಕೊಂಡೆ. ಹಿಮ, ಸ್ಪೋಕೇನ್, ಪರದೆ. ಅತ್ತೆ ಏನೂ ಅನ್ನಲಿಲ್ಲ. ಕಾಳನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದರು.

"ಕೆಂಪಗಿಲ್ವಲ್ಲ."

"ಇಲ್ಲ ಅತ್ತೆ. ಇದು ಹಸಿರು ಜಾತಿ."

"ಒಳಗೆ?"

ಕೆಳಗಿಟ್ಟು ಚಪ್ಪಲಿಯಿಂದ ಅರೆದು ನೋಡಿದರು. ಒಳಗೆ ಹಳದಿ. ಅಪ್ಪಟ ಹಳದಿ. ಅತ್ತೆ ನೆಟ್ಟಗೆ ನಿಂತು, ಸೆರಗು ಸರಿಮಾಡಿಕೊಂಡು, "ತೊಗರಿ ಬಣ್ಣ. ಇದು ಚನ್ನಂಗಿಯಲ್ಲ, ಬೇರೆ ಏನೋ. ನಡೀರಿ, ಕತ್ತಲಾಯ್ತು" ಅಂದರು.

ಅವರು ವಾಪಸು ಹೊರಡುವ ಹೊತ್ತಿಗೆ ಚೀಸಿನ ಡಬ್ಬ ಖಾಲಿಯಾಗಿತ್ತು. ಅದು ಅರಸೀಕೆರೆಗೆ ಖಾಲಿ ಹೋಗಲಿಲ್ಲ. ಮುಂದಿನ ತಿಂಗಳು ಪಕ್ಕದ ಮನೆಯ ಶಾರದಕ್ಕ ಫೋನ್ ಮಾಡಿ ನನ್ನನ್ನು ಬಾಯ್ತುಂಬ ಹೊಗಳಿದರು. ಅತ್ತೆ ಅವರಿಗೂ ಒಂದು ಪಾವು ಕೊಟ್ಟಿದ್ದರಂತೆ.

"ನಿಮ್ಮ ಮಾಸ್ಕೋ ತೊಗರಿ ಬಹಳ ಚೆನ್ನಾಗಿತ್ತು ಕಣಮ್ಮಾ. ಬೇಯೋದು ಮಾತ್ರ ಸ್ವಲ್ಪ ನಿಧಾನ."