ನಮ್ಮವಳೇ ಅಲ್ವಾ ಅಂತ ರೇಟ್ ಇಳಿಸಬೇಡಿ

ಬರುವ ಎರಡನೇ ಶನಿವಾರ, ಸ್ವಂತ ಕೆಲಸ ಮಾಡುವ ಹೆಂಗಸರ ನಮ್ಮ ಗುಂಪಿನ ಲೆಕ್ಕದ ಪುಸ್ತಕ, ರಸೀದಿ ಬುಕ್, ಪಾಸ್‌ಬುಕ್ ಎಲ್ಲವನ್ನೂ ಹೊಸಬರ ಕೈಗೆ ಒಪ್ಪಿಸುತ್ತಿದ್ದೇನೆ. ಎಂಟು ವರ್ಷ ನಾನೇ ನೋಡಿಕೊಂಡೆ. ಇನ್ನು ಬೇರೆಯವರು ನಡೆಸಬೇಕು. ಒಪ್ಪಿಸುವ ಮೊದಲು ಮನಸ್ಸಿನಲ್ಲಿ ಇರುವುದನ್ನು ಬರೆದುಬಿಡುತ್ತೇನೆ. ಉದ್ದ ಆಗುತ್ತದೆ, ಆದರೂ ಪೂರ್ತಿ ಓದಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಾನು ಕೊಡಗಿನ ಗೋಣಿಕೊಪ್ಪಲಿನಲ್ಲಿ ಲೆಕ್ಕಪತ್ರ ಬರೆಯುವ, ಜಿಎಸ್‌ಟಿ ಫೈಲ್ ಮಾಡಿಕೊಡುವ ಸಣ್ಣ ಆಫೀಸ್ ನಡೆಸುತ್ತೇನೆ. 2017ರ ಜೂನ್‌ನಲ್ಲಿ, ಜೋರು ಮಳೆಯ ದಿನ, ಅದೇ ಆಫೀಸಿನಲ್ಲಿ ಏಳು ಜನ ಹೆಂಗಸರು ಸೇರಿದೆವು. ಒಬ್ಬರು ವಕೀಲರು, ಒಬ್ಬರು ಹಲ್ಲಿನ ಡಾಕ್ಟರ್, ಇಬ್ಬರು ಹೋಮ್‌ಸ್ಟೇ ನಡೆಸುವವರು, ಒಬ್ಬರು ಟೈಲರ್, ಮನೆಯಲ್ಲೇ ಜಾಮ್, ಉಪ್ಪಿನಕಾಯಿ, ಕಾಚಂಪುಳಿ (ನಮ್ಮ ಕಡೆ ಅಡುಗೆಗೆ ಹಾಕುವ ಕಪ್ಪು ಹುಳಿ) ಮಾಡಿ ಮಾರುವ ಒಬ್ಬರು, ಮತ್ತೆ ನಾನು. ಕುರ್ಚಿ ಸಾಲದೆ ಇಬ್ಬರು ಫೈಲ್ ಕಟ್ಟುಗಳ ಮೇಲೆ ಕುಳಿತಿದ್ದರು. ಮಧ್ಯದಲ್ಲಿ ಕರೆಂಟ್ ಹೋಯಿತು. ಯಾರೂ ಎದ್ದು ಹೋಗಲಿಲ್ಲ.

ನಮ್ಮ ಕಡೆಯ ಮನೆಗಳು ಹೇಗಿರುತ್ತವೆ ಅಂತ ಕೊಡಗಿನವರಿಗೆ ಹೇಳಬೇಕಿಲ್ಲ. ತೋಟದ ಮಧ್ಯೆ ಒಂದೊಂದು ಮನೆ. ಪಕ್ಕದ ಮನೆಯ ನಾಯಿ ಬೊಗಳುವುದು ಕೇಳುತ್ತದೆ, ಮನೆ ಕಾಣುವುದಿಲ್ಲ. ಗಂಡಸರಿಗೆ ಸೇರಲು ಜಾಗ ಇದೆ. ಕ್ಲಬ್ ಇದೆ, ಬೆಳೆಗಾರರ ಸಂಘ ಇದೆ, ಕಾಫಿ ಮಾರಲು ಹೋದರೆ ನಾಲ್ಕು ಜನ ಸಿಗುತ್ತಾರೆ. ಯಾವ ಬ್ಯಾಂಕಿಗೆ ಹೊಸ ಮ್ಯಾನೇಜರ್ ಬಂದರು, ಯಾವುದಕ್ಕೆ ಸಬ್ಸಿಡಿ ಬಂದಿದೆ, ಎಲ್ಲಾ ಅಲ್ಲೇ ಗೊತ್ತಾಗಿಬಿಡುತ್ತದೆ. ನಾವು ಒಬ್ಬರಿಗೊಬ್ಬರು ಸಿಗುವುದು ಮದುವೆಯಲ್ಲಿ, ಸಾವಿನ ಮನೆಯಲ್ಲಿ, ಸುಗ್ಗಿಯ ಹಬ್ಬ ಪುತ್ತರಿಯಲ್ಲಿ. ಅಲ್ಲಿ ‘ಕೆಲಸ ಹೇಗೆ ನಡೀತಿದೆ’ ಅಂತ ಯಾರೂ ಕೇಳುವುದಿಲ್ಲ. ‘ಮಗಳಿಗೆ ಎಲ್ಲಾದ್ರೂ ನೋಡಿದ್ರಾ’ ಅಂತ ಕೇಳುತ್ತಾರೆ. 2011ರ ಜನಗಣತಿ ಪ್ರಕಾರ ಕೊಡಗಿನಲ್ಲಿ 1000 ಗಂಡಸರಿಗೆ 1019 ಹೆಂಗಸರು. ಲೆಕ್ಕದಲ್ಲಿ ನಾವೇ ಜಾಸ್ತಿ. ಸೇರಲು ಒಂದು ಜಾಗ ಮಾತ್ರ ಇರಲಿಲ್ಲ.

ಹಾಗಾಗಿ ಶುರು ಮಾಡಿದೆವು. ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆವು. ಮುಖ್ಯ ಅತಿಥಿ, ಶಾಲು, ಹಾರ, ಸ್ವಾಗತ, ವಂದನಾರ್ಪಣೆ, ಗ್ರೂಪ್ ಫೋಟೋ. ಮೂರು ಗಂಟೆಯ ಸಭೆಯಲ್ಲಿ ನಾವು ನಾವೇ ಮಾತಾಡಲು ಸಿಕ್ಕಿದ್ದು ಊಟದ ಸಾಲಿನಲ್ಲಿ ನಿಂತ ಹತ್ತು ನಿಮಿಷ. ಅದನ್ನು ನಿಲ್ಲಿಸಿದೆವು. ಈಗ ಸುತ್ತ ಕುಳಿತು ಪ್ರತಿಯೊಬ್ಬರೂ ಎರಡೇ ವಿಷಯ ಹೇಳುತ್ತಾರೆ: ನನಗೆ ಏನು ಬೇಕು, ನನ್ನ ಹತ್ತಿರ ಏನು ಇದೆ. ಟೈಲರ್ ಅಕ್ಕ ‘ಕ್ಯೂಆರ್ ಕೋಡ್ ಹಾಕಿಸಬೇಕು, ಯಾರನ್ನ ಕೇಳೋದು ಗೊತ್ತಿಲ್ಲ’ ಅಂದರು. ಬಿಕಾಂ ಓದುವ ಹುಡುಗಿಯೊಬ್ಬಳು ಅಲ್ಲೇ ಕುಳಿತು ಮಾಡಿಕೊಟ್ಟಳು. ಆರು ತಿಂಗಳಿಂದ ಅವರು ಒಬ್ಬರೇ ಒದ್ದಾಡುತ್ತಿದ್ದ ಕೆಲಸ ಅದು.

ಸಭೆಯ ಹೊತ್ತೂ ನಮ್ಮ ಊರಿಗೆ ತಕ್ಕ ಹಾಗೆ ಇಟ್ಟುಕೊಂಡೆವು. ಹತ್ತೂವರೆಗೆ ಶುರು, ಮೂರಕ್ಕೆ ಮುಗಿಯಲೇಬೇಕು. ಸಿದ್ದಾಪುರ, ತಿತಿಮತಿ, ಮಾಲ್ದಾರೆ ಕಡೆಯಿಂದ ಬರುವವರು ಆನೆ ರಸ್ತೆಗೆ ಇಳಿಯುವ ಮೊದಲು ಮನೆ ಸೇರಬೇಕು. ಬಸ್ ಇಳಿದು ತೋಟದ ದಾರಿಯಲ್ಲಿ ನಡೆಯಬೇಕಾದವರೂ ಇದ್ದಾರೆ. ಕಾಫಿ ಕುಯ್ಲಿನ ಸಮಯದಲ್ಲಿ ಸಭೆಯೇ ಇಲ್ಲ. ‘ಸಂಜೆ ಡಿನ್ನರ್ ಇಟ್ಟರೆ ಚೆನ್ನಾಗಿರುತ್ತೆ’ ಅಂತ ಪೇಟೆಯಲ್ಲಿ ಇರುವವರು ಆಗಾಗ ಹೇಳುತ್ತಾರೆ. ನಾನು ಒಪ್ಪಿಲ್ಲ. ಹೊಸಬರೂ ಒಪ್ಪಬಾರದು.

ಇನ್ನೊಂದು, ಭಾಷೆ. ನಮ್ಮಲ್ಲಿ ಕೊಡವರು, ಅರೆಭಾಷೆಯವರು, ಮಲಯಾಳಿಗಳು, ಬ್ಯಾರಿಗಳು, ತುಳು ಮಾತಾಡುವವರು, ಎಲ್ಲರೂ ಇದ್ದಾರೆ. ನಾನು ಕೊಡವತಿ. ಖುಷಿ ಬಂದರೆ ನನ್ನ ಬಾಯಿಗೆ ಮೊದಲು ಬರುವುದು ಕೊಡವ ತಕ್ಕ್. ಒಂದು ಸಲ ನಾವು ನಾಲ್ಕು ಜನ ಹಾಗೇ ಮಾತಾಡಿಕೊಂಡು ನಗುತ್ತಿದ್ದಾಗ, ಪಕ್ಕದಲ್ಲಿ ಕುಳಿತಿದ್ದ ನರ್ಸ್ ಒಬ್ಬರು ಸುಮ್ನೆ ಫೋನ್ ತೆಗೆದು ನೋಡುತ್ತಾ ಕುಳಿತರು. ಆ ಮುಖ ನನಗೆ ಈಗಲೂ ನೆನಪಿದೆ. ಅವತ್ತಿನಿಂದ ಸಭೆಯಲ್ಲಿ ಕನ್ನಡ ಮಾತ್ರ.

ಈಗ ನಾನು ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

2018ರ ಆಗಸ್ಟ್ ಯಾರಿಗೂ ಮರೆಯುವ ಹಾಗಿಲ್ಲ. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳೇ ಜಾರಿ ಬಂದವು. ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ರಸ್ತೆ ಮುಚ್ಚಿತು. ಆಗ ನಮ್ಮ ಗುಂಪಿನಲ್ಲಿ ಇದ್ದದ್ದು ಮೂವತ್ತು ಜನ. ಹೋಮ್‌ಸ್ಟೇಯವರು ರೂಮು ಬಿಟ್ಟುಕೊಟ್ಟರು. ಟೈಲರ್ ಅಕ್ಕ ರಾತ್ರಿ ಎಲ್ಲಾ ಕುಳಿತು ಮಕ್ಕಳಿಗೆ ಬಟ್ಟೆ ಹೊಲಿದರು. ಕಾಚಂಪುಳಿಯವರು ಉಪ್ಪಿನಕಾಯಿ ಭರಣಿಗಳನ್ನು ಹಾಗೇ ಪರಿಹಾರ ಕೇಂದ್ರಕ್ಕೆ ಕಳಿಸಿದರು. ಯಾರೂ ದುಡ್ಡಿನ ಮಾತು ಎತ್ತಲಿಲ್ಲ, ಎತ್ತುವ ಹೊತ್ತೂ ಅದಲ್ಲ. ಆ ಹದಿನೈದು ದಿನ ನಾವು ಒಂದೇ ಮನೆಯವರ ಹಾಗೆ ಆದೆವು.

ಆದರೆ ಮಳೆ ನಿಂತ ಮೇಲೂ ಆ ಅಭ್ಯಾಸ ಉಳಿದುಬಿಟ್ಟಿತು. ‘ನಮ್ಮ ಗ್ರೂಪಿನವಳೇ ಅಲ್ವಾ, ಸ್ವಲ್ಪ ನೋಡಿ ಹಾಕು.’ ‘ಬರೀ ಒಂದು ಪತ್ರ ಬರೆಯೋಕೆ ಫೀಸಾ?’ ‘ಹಲ್ಲು ಸುಮ್ನೆ ನೋಡಿ, ಕೀಳೋದೇನೂ ಬೇಡ.’ ಎಲ್ಲರೂ ನಗುನಗುತ್ತಲೇ ಕೇಳುತ್ತಿದ್ದರು, ಎಲ್ಲರೂ ನಗುನಗುತ್ತಲೇ ಕೊಡುತ್ತಿದ್ದರು. ನಾನು ಅದನ್ನು ಒಗ್ಗಟ್ಟು ಅಂದುಕೊಂಡಿದ್ದೆ.

2019ರ ಜುಲೈನಲ್ಲಿ ಕಾಚಂಪುಳಿಯವರು ವಾಟ್ಸಾಪ್ ಗ್ರೂಪ್ ಬಿಟ್ಟರು. ಒಂದು ಮಾತೂ ಹೇಳಲಿಲ್ಲ. ಫೋನ್ ಮಾಡಿದರೆ ‘ಮನೇಲಿ ಕೆಲಸ ಜಾಸ್ತಿ ಅಕ್ಕ’ ಅಂದರು. ಮುಂದಿನ ಭಾನುವಾರ ನಾನೇ ಅವರ ಮನೆಗೆ ಹೋದೆ.

ಹಿಂದಿನ ಕೊಟ್ಟಿಗೆಯಲ್ಲಿ ಬಿದಿರಿನ ಬುಟ್ಟಿ ತುಂಬಾ ಪಣಪುಳಿ ಹಣ್ಣು ರಾಶಿ ಹಾಕಿದ್ದರು. ಕೆಳಗೆ ಒಂದು ಪಾತ್ರೆ. ಹಣ್ಣು ಕೊಳೆತು ಮೆತ್ತಗಾಗಿ ರಸ ಹನಿಹನಿಯಾಗಿ ಇಳಿಯುತ್ತಿತ್ತು. ಹಾಗೆ ಇಳಿಯಲು ದಿನಗಟ್ಟಲೆ ಬೇಕು. ಇನ್ನೊಂದು ಮೂಲೆಯಲ್ಲಿ ಮೊದಲೇ ಇಳಿದ ರಸ ಮಡಕೆಯಲ್ಲಿ ಕುದಿಯುತ್ತಿತ್ತು. ಮಳೆಗಾಲದ ಸೌದೆ, ಹೊಗೆ ತುಂಬಿ ಕಣ್ಣು ಉರಿಯುತ್ತಿತ್ತು. ಅವರು ಮಾತಾಡುತ್ತಲೇ ಒಂದು ಕೈಯಲ್ಲಿ ತಿರುವುತ್ತಿದ್ದರು. ಬಿಟ್ಟರೆ ತಳ ಹಿಡಿಯುತ್ತದೆ. ಕಪ್ಪಾಗಿ, ಜೇನಿನಷ್ಟು ಗಟ್ಟಿ ಆಗುವವರೆಗೆ ಕುದಿಸಬೇಕು. ಹಂದಿ ಮಾಂಸದ ಪಂದಿ ಕರಿಗೆ ನಾವು ಒಂದೆರಡು ಚಮಚ ಹಾಕುತ್ತೇವಲ್ಲ, ಆ ಚಮಚದ ಹಿಂದೆ ಇಷ್ಟು ಇದೆ. ಅಷ್ಟು ದೊಡ್ಡ ಬುಟ್ಟಿಯಿಂದ ಕೊನೆಗೆ ಸಿಗುವುದು ಕೆಲವೇ ಬಾಟಲಿ.

ಕಾಫಿ ಕೊಟ್ಟು, ತುಂಬಾ ಹೊತ್ತು ಬೇರೇನೋ ಮಾತಾಡಿ, ಆಮೇಲೆ ಒಂದು ನೋಟ್‌ಬುಕ್ ತಂದರು. ಮಗಳ ಹಳೆಯ ಶಾಲೆ ಪುಸ್ತಕ. ಗೆರೆ ಹಾಕಿ ಚೆನ್ನಾಗಿ ಬರೆದಿದ್ದರು. ಹಣ್ಣು ಹೆಕ್ಕಿದವರ ಕೂಲಿ, ಸೌದೆ, ಬಾಟಲಿ, ಮುಚ್ಚಳ, ಲೇಬಲ್, ಬಸ್ ಚಾರ್ಜ್. ನಾನು ಲೆಕ್ಕದವಳು, ಕಣ್ಣು ಸೀದಾ ಖಾಲಿ ಜಾಗಕ್ಕೆ ಹೋಯಿತು.

“ನಿಮ್ಮ ಕೂಲಿ ಎಲ್ಲಿ ಬರೆದಿದ್ದೀರಿ?”

“ನನ್ನ ಕೂಲಿ ಯಾರು ಕೊಡ್ತಾರೆ ಅಕ್ಕ?”

ಕೊನೆಯ ಪುಟದಲ್ಲಿ ಕಡಿಮೆ ರೇಟಿಗೆ ಕೊಟ್ಟವರ ಪಟ್ಟಿ ಇತ್ತು. ಹನ್ನೊಂದು ಹೆಸರು, ಎಲ್ಲಾ ನಮ್ಮ ಗುಂಪಿನವರೇ. ಒಬ್ಬರು ಹೋಮ್‌ಸ್ಟೇ ಅತಿಥಿಗಳಿಗೆ ಉಡುಗೊರೆ ಕೊಡಲು ಮೂವತ್ತು ಬಾಟಲಿ ತೆಗೆದುಕೊಂಡಿದ್ದರು. ಕೊಟ್ಟ ಹಣ ಬಾಟಲಿ ಮತ್ತು ಕೂಲಿಯ ಖರ್ಚಿಗೂ ಸರಿಹೋಗಿರಲಿಲ್ಲ. ಮೂರನೇ ಹೆಸರು ನನ್ನದು. ಸಂತೆಯಲ್ಲಿ ಹೊರಗಿನವರಿಗೆ ಮಾರಿದ್ದಕ್ಕಿಂತ ನಮಗೆ ಕೊಟ್ಟಿದ್ದರಲ್ಲೇ ಅವರಿಗೆ ನಷ್ಟ. ನಾವು ಗುಂಪು ಕಟ್ಟಿದ್ದೇ ಅವರಿಗೆ ಭಾರ ಆಗಿತ್ತು. ವಾಪಸ್ ಬರುವಾಗ ದಾರಿ ಪೂರ್ತಿ ನನಗೆ ಮಾತೇ ಹೊರಡಲಿಲ್ಲ.

ಮುಂದಿನ ಸಭೆಯಲ್ಲಿ ಅವರ ಹೆಸರು ಎತ್ತದೆ ವಿಷಯ ಇಟ್ಟೆ. ಮೊದಲು ನನ್ನ ಫೀಸ್ ಬೋರ್ಡಿನ ಮೇಲೆ ಬರೆದೆ. ‘ಇಷ್ಟು. ಗುಂಪಿನವರಿಗೂ ಇಷ್ಟೇ. ಕೊಡಲು ಕಷ್ಟ ಇದ್ದವರು ನನಗೆ ಒಬ್ಬಳಿಗೇ ಹೇಳಿ, ಎರಡು ಮೂರು ಕಂತಿನಲ್ಲಿ ಕೊಡಿ. ರೇಟ್ ಮಾತ್ರ ಇಳಿಸಬೇಡಿ.’ ಆಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಬರೆಯಬೇಕು ಅಂದೆ. ಎಷ್ಟು ಕಷ್ಟ ಆಯಿತು ಗೊತ್ತಾ! ಹಲ್ಲಿನ ಡಾಕ್ಟರ್ ಸಹ ಚಾಕ್ ಹಿಡಿದು ಹಿಂದೆ ತಿರುಗಿ ನಮ್ಮ ಮುಖ ನೋಡಿದರು. ತಮ್ಮ ಕೆಲಸದ ಬೆಲೆಯನ್ನು ನಾಲ್ಕು ಜನರ ಮುಂದೆ ಬರೆಯಲು ಓದಿದವರಿಗೂ ಕೈ ಬರುವುದಿಲ್ಲ.

ದುಡ್ಡಿನ ಮಾತು ಬಂದರೆ ಸ್ನೇಹ ಕೆಡುತ್ತದೆ ಅಂತ ಹಲವರು ಹೇಳಿದರು. ಮೂವತ್ತು ಬಾಟಲಿಯವರಿಗೆ ಬೇಸರ ಆಯಿತು. ಎರಡು ತಿಂಗಳು ನನ್ನ ಫೋನ್ ತೆಗೆಯಲಿಲ್ಲ. ಆದರೆ ನಾನು ಕಂಡದ್ದು ಬೇರೆ. ಪೂರ್ತಿ ಬೆಲೆ ಕೊಡಲು ಶುರು ಮಾಡಿದ ಮೇಲೆ ಜನ ಧೈರ್ಯವಾಗಿ ಮಾತಾಡಿದರು. ಕೆಲಸ ಸರಿ ಇಲ್ಲದಿದ್ದರೆ ಸರಿ ಇಲ್ಲ ಅಂತ ಹೇಳಿದರು. ಮುಲಾಜಿಗೆ ಕೊಟ್ಟು ಒಳಗೊಳಗೇ ನೊಂದುಕೊಳ್ಳುವುದು ನಿಂತಿತು. ಕಾಚಂಪುಳಿಯವರು ವಾಪಸ್ ಬಂದರು. ಆ ಹೋಮ್‌ಸ್ಟೇ ಅಕ್ಕ ಈಗ ಊಟದ ಮೇಜಿನ ಮೇಲೆ ಅವರ ಬಾಟಲಿ ಇಟ್ಟು, ಮಾಡಿದವರು ಯಾರು, ಹೇಗೆ ಮಾಡುತ್ತಾರೆ ಅಂತ ಅತಿಥಿಗಳಿಗೆ ಹೇಳುತ್ತಾರೆ. ಅಲ್ಲಿಂದಲೇ ಎಷ್ಟೋ ಆರ್ಡರ್ ಬರುತ್ತವೆ.

ಹಾಗಾದರೆ ಗುಂಪಿನಿಂದ ಏನು ಲಾಭ, ಹೊರಗಿನವರೂ ಅದೇ ರೇಟ್ ಕೊಡುತ್ತಾರಲ್ಲ ಅಂತ ಕೇಳಬಹುದು. ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಒಬ್ಬ ಸದಸ್ಯೆ ಗಂಡ ತೀರಿಕೊಂಡ ಮೇಲೆ ಹನ್ನೆರಡು ವರ್ಷದಿಂದ ತೋಟ ನೋಡಿಕೊಳ್ಳುತ್ತಿದ್ದಾರೆ. ಜಮ್ಮಾ ಜಾಗ, ಅಂದರೆ ತಲೆಮಾರಿನಿಂದ ಒಕ್ಕಕ್ಕೆ (ಮನೆತನಕ್ಕೆ) ಸೇರಿದ ಭೂಮಿ. ಪಹಣಿಯಲ್ಲಿ ಒಕ್ಕದ ಹಿರಿಯರಾದ ಪಟ್ಟೇದಾರರ ಹೆಸರು, ಇವರದ್ದಿಲ್ಲ. ಕಾಫಿ ಹುರಿದು ಪುಡಿ ಮಾಡುವ ಮೆಷಿನ್‌ಗೆ ಸಾಲ ಕೇಳಲು ಒಂದು ಬ್ಯಾಂಕಿಗೆ ಹೋದರೆ, ‘ಮನೆಯ ಗಂಡಸರನ್ನು ಕರೆದುಕೊಂಡು ಬನ್ನಿ’ ಅಂದರಂತೆ. ನಮ್ಮ ವಕೀಲೆ ಕಾಗದ ನೋಡಿದರು. ನಾನು ಪ್ರಾಜೆಕ್ಟ್ ರಿಪೋರ್ಟ್ ಮಾಡಿದೆ. ಇಬ್ಬರಿಗೂ ಅವರು ಫೀಸ್ ಕೊಟ್ಟರು. ಆಮೇಲೆ ನಾಲ್ಕು ಜನ ಅವರ ಜೊತೆ ಇನ್ನೊಂದು ಬ್ಯಾಂಕಿಗೆ ಹೋಗಿ ಕುಳಿತೆವು. ಅದಕ್ಕೆ ಯಾರೂ ಬಿಲ್ ಹಾಕಲಿಲ್ಲ. ಜಾಗ ಅಡ ಇಡದೆ ಮುದ್ರಾ ಸಾಲ ಆಯಿತು. ಪಹಣಿಯ ವಿಷಯ ಇನ್ನೂ ಹಾಗೇ ಇದೆ.

ಅವತ್ತು ಆ ಬೆಂಚಿನ ಮೇಲೆ ಕುಳಿತಾಗ ನನಗೆ ಸಿ.ಬಿ. ಮುತ್ತಮ್ಮ ನೆನಪಾದರು. ನಮ್ಮ ವಿರಾಜಪೇಟೆಯಲ್ಲಿ 1924ರಲ್ಲಿ ಹುಟ್ಟಿದವರು. 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಮದುವೆ ಆದರೆ ರಾಜೀನಾಮೆ ಕೊಡುತ್ತೇನೆ ಅಂತ ಬರೆಸಿಕೊಂಡೇ ಅವರನ್ನು ಕೆಲಸಕ್ಕೆ ತೆಗೆದುಕೊಂಡರು. ಬಡ್ತಿ ತಪ್ಪಿದಾಗ ಸರ್ಕಾರದ ವಿರುದ್ಧವೇ ಸುಪ್ರೀಂ ಕೋರ್ಟಿಗೆ ಹೋದರು. ಕೇಸ್ ನಡೆಯುತ್ತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟಿತು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳನ್ನು ತರಾಟೆಗೆ ತೆಗೆದುಕೊಂಡರು. ಆ ಅರ್ಜಿಯ ಮೇಲೆ ಇದ್ದದ್ದು ಅವರೊಬ್ಬರದೇ ಹೆಸರು. ನಮ್ಮ ಜಿಲ್ಲೆಯ ಹೆಣ್ಣುಮಗಳು ಅಂತ ನಾವು ಹೆಮ್ಮೆ ಪಡುತ್ತೇವೆ, ಪಡಲೇಬೇಕು. ಆದರೆ ಪ್ರತಿಯೊಬ್ಬರಿಗೂ ಒಂಟಿಯಾಗಿ ಅಷ್ಟು ದೂರ ಹೋಗುವ ಗಟ್ಟಿತನ ಇರುವುದಿಲ್ಲ. ಬ್ಯಾಂಕಿನ ಬೆಂಚಿನ ಮೇಲೆ ಪಕ್ಕದಲ್ಲಿ ಮೂರು ಜನ ಇದ್ದರೆ ನಮ್ಮಂಥವರ ದನಿಯೂ ಸ್ವಲ್ಪ ಏಳುತ್ತದೆ.

ಹೊಸದಾಗಿ ಬರುವವರಿಗೆ ನನ್ನದು ಒಂದೇ ಕೋರಿಕೆ. ಸದಸ್ಯರ ಸಂಖ್ಯೆ ಎಷ್ಟಾಯಿತು ಅಂತ ಎಣಿಸುವ ಮೊದಲು, ಯಾರು ಎರಡು ಸಲ ಬಂದಿಲ್ಲ ಅಂತ ನೋಡಿ. ಅವರ ಮನೆಗೆ ಹೋಗಿ. ಫೋನಿನಲ್ಲಿ ಎಲ್ಲರೂ ‘ಕೆಲಸ ಜಾಸ್ತಿ’ ಅಂತಲೇ ಹೇಳುತ್ತಾರೆ.

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಎಲ್ಲರೂ ಬನ್ನಿ. ಮಳೆ ಜೋರಿದೆ, ದೂರದವರು ಬೇಗ ಹೊರಡಿ. ಕಾಚಂಪುಳಿ ಬೇಕಾದವರು ಶುಕ್ರವಾರದ ಒಳಗೆ ಗ್ರೂಪಿನಲ್ಲಿ ಹೇಳಿ. ಈ ವರ್ಷದ ರೇಟ್ ಅವರೇ ಹಾಕುತ್ತಾರೆ. ಅವರ ನೋಟ್‌ಬುಕ್‌ನಲ್ಲಿ ಈಗ ಅವರ ಕೂಲಿಗೂ ಒಂದು ಸಾಲು ಇದೆ.