ಫ್ಯಾನ್ ತಿರುಗ್ತೈತಲ್ಲಾ!

ಬಳ್ಳಾರೀಲಿ ನಿಂತ್ಕೊಂಡು "ನನ್ನ ಬೈಕ್ ಬಿಸಿ ಆಗ್ತೈತೆ" ಅಂತ ಯಾರಿಗಾದ್ರೂ ಹೇಳಿ ನೋಡ್ರಿ, ಅಯ್ಯೋ ಪಾಪ ಅನ್ನೋರು ಒಬ್ರೂ ಸಿಗಲ್ಲ. ಏಪ್ರಿಲ್ ತಿಂಗಳು, ಬಿಸಿಲು 41, ಟಾರು ಚಪ್ಪಲಿಗೆ ಅಂಟ್ತೈತೆ, ಮಧ್ಯಾಹ್ನ ನಲ್ಲಿ ತಿರುವಿದ್ರೆ ಟ್ಯಾಂಕಿನ ನೀರಲ್ಲಿ ಕೈ ಇಡಕ್ಕಾಗಲ್ಲ, ಅಂಥಾದ್ರಲ್ಲಿ ನಿನ್ನ ಗಾಡಿ ಒಂದೇನಪಾ ಬಿಸಿ ಆಗಿರೋದು ಅಂತ ಕೇಳ್ತಾರೆ. ಪಕ್ಕದ ಮನೆ ಮಾವ ಅಂತೂ ಬನಿಯನ್ ಎತ್ತಿ ಹೊಟ್ಟೆಗೆ ಗಾಳಿ ಹಾಕ್ಕೊಳ್ತಾ "ನೀ ಒಂದು ಗ್ಲಾಸ್ ಮಜ್ಜಿಗಿ ಕುಡಿ, ಅದಕ್ಕೂ ಒಂದು ಗ್ಲಾಸ್ ಹಾಕು" ಅಂದ್ಬಿಟ್ರು.

ಗಾಡಿ 200 ಸಿಸಿ ಸ್ಪೋರ್ಟ್ಸ್ ಬೈಕು, ಸೆಕೆಂಡ್ ಹ್ಯಾಂಡು. ಕಂಪನಿ ಹೆಸರು ಹೇಳಲ್ಲ, ಯಾಕಂದ್ರೆ ಕಂಪನಿಯೋರು ಕೊಟ್ಟಿದ್ರಲ್ಲಿ ಈಗ ಉಳಿದಿರೋದು ಚಾಸಿ ನಂಬರ್ ಒಂದೇ. ಸೈಲೆನ್ಸರ್ ನಂದು, ಏರ್ ಫಿಲ್ಟರ್ ನಂದು, ಎಂಜಿನ್ ನೀರು ತಣ್ಣಗೆ ಮಾಡೋ ರೇಡಿಯೇಟರ್ ಮುಂದೆ ಜಾಳಿಗೆ ನಂದು, ಎರಡು ಫಾಗ್ ಲೈಟು, ಲಾರಿ ಡ್ರೈವರೂ ತಿರುಗಿ ನೋಡೋ ಅಂಥ ಒಂದು ಹಾರನ್ನು. (ಸೈಲೆನ್ಸರ್ ವಿಷಯ ಜಾಸ್ತಿ ಕೇಳಬೇಡ್ರಿ. ಇಂಥವನ್ನೇ ಪೊಲೀಸ್ನೋರು ರೋಡಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸ್ತಾರೆ, ನಂದು ಇನ್ನೂ ಸಾಲಿಗೆ ಸೇರಿಲ್ಲ ಅಷ್ಟೆ.) ಲೈಟು, ಹಾರನ್ನು ಎರಡನ್ನೂ ನಾನೇ ಕೂರಿಸಿದ್ದು, ಒಂದು ಭಾನುವಾರ, ಫೋನಲ್ಲಿ ವಿಡಿಯೋ ನೋಡ್ಕೊಂಡು, ಮೈಮೇಲಿನ ಪ್ಲಾಸ್ಟಿಕ್ ಫೇರಿಂಗ್ ಬಿಚ್ಚಿ, ನಡುವೆ ವೈರ್ ಜೋಡಿಸೋ ಯಾವುದೋ ಒಂದು ಕಪ್ಲರ್ ಪಟ್ ಅಂತ ಮುರೀತು, ಅದರ ಎರಡು ವೈರನ್ನ ಹಲ್ಲಲ್ಲಿ ಸುಲಿದು ಹೊಸೆದು ಟೇಪ್ ಸುತ್ತಿ ಒಳಗೆ ತುರುಕಿದೆ. ಈ ಮಾತು ನೆನಪಿಟ್ಕೊಳ್ರಿ, ನಾನಂತೂ ಇಟ್ಕೊಳ್ಲಿಲ್ಲ.

ಇದಾದ ಮೇಲೆ ಒಂದು ಲಾಭ ಕಂಡಿತು. ಮೊದಲು ಸಿಗ್ನಲ್ಲಲ್ಲಿ ನಿಂತ್ರೆ ಬಿಸಿ ಗಾಳಿ ಬಂದು ತೊಡೆ, ಮೊಣಕಾಲು ಸುಡ್ತಿತ್ತು, ಈಗ ಏನೂ ಇಲ್ಲ, ತಣ್ಣಗೆ. ನಾನು ಇದನ್ನ ಹೊಸ ಸೈಲೆನ್ಸರಿನ ಮಹಿಮೆ ಅಂದ್ಕೊಂಡು ಊರೆಲ್ಲಾ ಹೇಳ್ಕೊಂಡು ಬಂದೆ, ನನ್ನ ಮಾತು ಕೇಳಿ ಇಬ್ರು ಸೈಲೆನ್ಸರ್ ಚೇಂಜೂ ಮಾಡಿಸಿದ್ರು.

ಮುಂದಿನ ವಾರ ದೋಸ್ತನ್ನ ಹಿಂದೆ ಕೂರಿಸ್ಕೊಂಡು ಹೊಸಪೇಟೆ ಕಡೆ ಹೊರಟೆ. ರಾಯಲ್ ಸರ್ಕಲ್ ದಾಟೋಷ್ಟರಲ್ಲೇ ಮೀಟರಿನ ಟೆಂಪರೇಚರ್ ಕಡ್ಡಿ ಆರಕ್ಕೆ ಬಂತು, ರೇಡಿಯೇಟರ್ ಹಿಂದಿನ ಫ್ಯಾನ್ ಗುರ್ ಅಂತ ಶುರು ಆಯ್ತು, ಆಗಲಿ ಬಿಡು ಊರು ದಾಟಿದ್ರೆ ಗಾಳಿಗೆ ಇಳೀತೈತೆ ಅಂದ್ಕೊಂಡ್ರೆ ಕುಡತಿನಿ ಬಂದ್ರೂ ಇಳೀಲಿಲ್ಲ. ಥರ್ಮಲ್ ಪ್ಲಾಂಟಿನ ಚಿಮಣಿ ಕಾಣೋ ಹೊತ್ತಿಗೆ ಕೆಂಪು ಲೈಟು ಹತ್ತಿತು, ಬದಿಗೆ ಹಾಕಿದ್ವಿ. ಅಲ್ಲಿ ಕಲ್ಲಿದ್ದಲು ಸುಟ್ಟು ನೀರು ಕುದಿಸಿ ಕರೆಂಟ್ ಮಾಡ್ತಾರೆ, ನಾನು ಪೆಟ್ರೋಲ್ ಸುಟ್ಟು ನೀರು ಕುದಿಸಿ ಬರೀ ಬೆವರು ಮಾಡಿದೆ.

ದೋಸ್ತಗೆ ತಾಳ್ಮೆ ಕಮ್ಮಿ. "ನೀರಿಲ್ಲ ಇದ್ರಾಗ" ಅಂದವನೇ ನಾನು ಬೇಡ ಬೇಡ ಅನ್ನೋದ್ರೊಳಗೆ ಕರ್ಚೀಫ್ ಹಿಡಿದು ರೇಡಿಯೇಟರ್ ಕ್ಯಾಪ್ ತಿರುವೇ ಬಿಟ್ಟ. ಬಿಸಿ ಇದ್ದಾಗ ಆ ಕ್ಯಾಪ್ ಮುಟ್ಟಬಾರದು ಯಾಕೆ ಅಂದ್ರೆ, ಅರ್ಧ ಕೂಲೆಂಟು (ಎಂಜಿನ್ ತಂಪಿಡಕ್ಕೆ ಹಾಕೋ ದ್ರವ) ಅರ್ಧ ನೀರು ಸೇರಿದ್ದು ಕ್ಯಾಪಿನ ಪ್ರೆಶರಲ್ಲಿ 120 ಡಿಗ್ರಿ ದಾಟಿದ್ರೂ ಕುದೀದೆ ಸುಮ್ನೆ ಕೂತಿರ್ತೈತೆ, ಕ್ಯಾಪ್ ತೆಗೆದ ತಕ್ಷಣ ಪ್ರೆಶರ್ ಹೋಗಿ ಎಲ್ಲಾ ಒಂದೇ ಸಲ ಕುದ್ದು ಮೇಲಕ್ಕೆ ಚಿಮ್ಮತೈತೆ. ಇದನ್ನ ನಾನು ಅವನಿಗೆ ವಿವರಿಸಿದ್ದು ಅವನು ಹತ್ತು ಹೆಜ್ಜೆ ಆಚೆ ಹಾರಿ, ಬಿಳಿ ಶರ್ಟು ಹಸಿರಾಗಿ, ಕೈ ಊದ್ಕೊಳ್ತಾ ನಿಂತಿದ್ದಾಗ. ಪುಣ್ಯಕ್ಕೆ ಎರಡು ಬೊಬ್ಬೆಯಲ್ಲಿ ಹೋಯ್ತು.

ಊರಿಗೆ ಬಂದ ಮೇಲೆ ಶುರು ಆಯ್ತು ನೋಡ್ರಿ ಚಿಕಿತ್ಸೆ. ಮೊದಲು ಜಾಳಿಗೆ ಬಿಚ್ಚಿದೆ. ತೋರಣಗಲ್ಲು ರೋಡಲ್ಲಿ ಅದಿರು ಲಾರಿ ಹಿಂದೆ ಓಡಾಡಿದ ಗಾಡಿ, ರೇಡಿಯೇಟರಿನ ರೆಕ್ಕೆ ಸಂದಿಯಲ್ಲಿ ಕೆಂಪು ಧೂಳು ಎಷ್ಟಿತ್ತು ಅಂದ್ರೆ ಹಳೇ ಟೂತ್ ಬ್ರಷ್ ಎರಡು ಸವೆದ್ವು. ಹಿಂದಿನ ಓನರ್ ಕೂಲೆಂಟ್ ಬದಲು ಬೋರ್ ನೀರು ಹಾಕಿದ್ನೋ ಏನೋ, ನಮ್ಮ ಕಡೆ ಬೋರ್ ನೀರು ಹೀಟರ್ ಕಾಯಿಲ್ ಮೇಲೆ ಸುಣ್ಣ ಹೊಡೆದಂಗೆ ಕಟ್ಟೋದು ಗೊತ್ತಲ್ಲ, ಅದಕ್ಕೆ ಒಳಗೂ ತೊಳೆಸಿ ಹೊಸ ಕೂಲೆಂಟ್ ಹಾಕಿಸಿ ಗಾಳಿ ಗುಳ್ಳೆ ಹೋಗೋವರೆಗೂ ಎಂಜಿನ್ ಓಡಿಸಿ ಏರ್ ಲಾಕ್ ತೆಗೆದೆ. ಕೆಂಪು ಲೈಟು ಮತ್ತೆ ಹತ್ತಿತು.

ಆಮೇಲೆ ಥರ್ಮೋಸ್ಟಾಟ್. ಎಂಜಿನ್ ಬಿಸಿ ಆದಾಗ ಬಾಯಿ ತೆರೆದು ರೇಡಿಯೇಟರಿಗೆ ನೀರು ಬಿಡೋ ಪುಟ್ಟ ಬಾಗಿಲು ಅದು, ತೆರೀದೆ ಹೋದ್ರೆ ಎಂಜಿನ್ ಬೇಯ್ತೈತೆ. ಟೆಸ್ಟ್ ಮಾಡೋದು ಸುಲಭ, ಕಿತ್ತು ಬಿಸಿ ನೀರಲ್ಲಿ ಹಾಕೋದು, 80 ಡಿಗ್ರಿ ಆಸುಪಾಸಿಗೆ ತೆರೀಬೇಕು. ಅವ್ವ ಮಧ್ಯಾಹ್ನ ಮಲಗಿದ್ಲು, ಕೈಗೆ ಸಿಕ್ಕಿದ ಪಾತ್ರೇಲಿ ನೀರಿಟ್ಟು ಥರ್ಮೋಸ್ಟಾಟ್ ಹಾಕಿ ಸ್ಟೌ ಹಚ್ಚಿದೆ, ಎಷ್ಟು ಚಂದ ತೆರೀತು ಅಂದ್ರೆ ನಾನು ಅಡುಗೆಮನೇಲಿ ಒಬ್ಬನೇ ಚಪ್ಪಾಳೆ ಹೊಡೆದೆ, ಆ ಶಬ್ದಕ್ಕೆ ಅವ್ವ ಎದ್ದು ಬಂದ್ಲು. ಅದು ಚಾ ಪಾತ್ರೆ ಅಂತ ಆಗ ಗೊತ್ತಾಯ್ತು. ಕೂಲೆಂಟ್ ವಿಷ, ತೊಳೆದ್ರೂ ಅದ್ರಲ್ಲಿ ಚಾ ಮಾಡಬಾರದು ಅಂತ ನಿಯತ್ತಾಗಿ ನಾನೇ ಹೇಳಿದೆ. ಹೇಳಬಾರದಿತ್ತು. "ಗಾಡಿಗೆ ಚಾ ಕುಡಿಸಾಕ ನಿಂತಾನ ನೋಡ್ರಿ" ಅಂತ ಓಣಿಗೆಲ್ಲಾ ಕೇಳೋ ಹಂಗೆ ಅಂದು ಹೊಸ ಪಾತ್ರೆ ದುಡ್ಡು ಅಲ್ಲೇ ವಸೂಲಿ ಮಾಡಿದ್ಲು.

ಕೊನೆಗೆ ಕೌಲ್ ಬಜಾರ್ ಕಡೆ ಒಬ್ಬ ಮೆಕ್ಯಾನಿಕ್ ಭಾಯ್ ಹತ್ರ ಹೋದೆ. ಅವ್ರು ಗಾಡಿಗೆ ಡಾಕ್ಟರ್ ಥರಾನೇ ನೋಡಿದ್ರು. ಆಯಿಲ್ ಕ್ಯಾಪ್ ತೆಗೆದು ಒಳಗೆ ಹಾಲಿನ ಕೆನೆ ಥರ ಏನಾದ್ರೂ ಐತಾ ಅಂತ ನೋಡಿದ್ರು, ಇದ್ರೆ ಹೆಡ್ ಗ್ಯಾಸ್ಕೆಟ್ ಹೋಗಿ ಆಯಿಲ್ಲು ನೀರು ಸೇರಿದಂಗೆ, ಇರ್ಲಿಲ್ಲ. ಬಿಳಿ ಹೊಗೆ ಇಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿದ್ರೆ ತುದಿ ಬೆಳ್ಳಗೆ ಸುಣ್ಣ ಆಗಿತ್ತು. "ನಿನ್ನ ಫಿಲ್ಟರು, ಸೈಲೆನ್ಸರು ಎರಡೂ ಬಾಯಿ ಅಗಲ. ಗಾಳಿ ಜಾಸ್ತಿ ಹೋಗ್ತೈತೆ, ಪೆಟ್ರೋಲ್ ಅಷ್ಟಕ್ಕಷ್ಟೇ. ಲೀನ್ ಓಡ್ತೈತೆ, ಬಿಸಿ ಆಗ್ದೆ ಇನ್ನೇನು." ಹಳೇ ಫಿಲ್ಟರ್ ವಾಪಸ್ ಹಾಕಿಸಿದೆ, ಸ್ವಲ್ಪ ಕಮ್ಮಿ ಆಯ್ತು, ಪೂರ್ತಿ ಹೋಗ್ಲಿಲ್ಲ. ಭಾಯ್, ಫ್ಯಾನ್ ಏನಾದ್ರೂ... ಅಂದೆ. ಅವ್ರು ಕಿವಿ ಹತ್ರ ತಂದು ಕೇಳಿದ್ರು. "ಫ್ಯಾನ್ ತಿರುಗ್ತೈತಲ್ಲಾ!" ಹೌದು, ತಿರುಗ್ತೈತೆ. ದೋಸ್ತ ಅದೇ ಅಂದ, ಮಾವ ಅದೇ ಅಂದ್ರು, ನಾನೂ ದಿನಾ ಅದೇ ಅನ್ಕೊಂಡು ಸಮಾಧಾನ ಮಾಡ್ಕೊಳ್ತಿದ್ದೆ.

ಅವತ್ತು ಸಂಜೆ ಬೇಜಾರಲ್ಲಿ ಮಿರ್ಚಿ ಬಂಡಿ ಹತ್ರ ನಿಲ್ಲಿಸಿದೆ. ಯಾವಾಗ್ಲೂ ತಿನ್ನೋದು ವಗ್ಗರಣಿ ಮಿರ್ಚಿ, ಅವತ್ತು ವಗ್ಗರಣಿ ಖಾಲಿ, ಅಕ್ಕ ಖಾರ ಮಂಡಕ್ಕಿ ಕೊಟ್ರು. ಇದು ನನ್ನ ಪುಣ್ಯ, ಯಾಕಂದ್ರೆ ವಗ್ಗರಣಿ ನೆನೆಸಿದ ಮಂಡಕ್ಕಿ, ಭಾರ, ಜಪ್ಪಯ್ಯ ಅಂದ್ರೂ ಏಳ್ತಿರ್ಲಿಲ್ಲ. ಕೀ ಆನ್ ಇತ್ತು, ಫ್ಯಾನ್ ಗುರ್ ಅಂತಿತ್ತು, ಪ್ಲೇಟ್ ಕೈಲಿ ಹಿಡ್ಕೊಂಡೇ ಮುಂದಿನ ಚಕ್ರದ ಹತ್ರ ಕುಕ್ಕರಗಾಲಲ್ಲಿ ಕೂತು ರೇಡಿಯೇಟರ್ ಒಳಗೆ ಬಗ್ಗಿ ನೋಡಿದೆ.

ಮಂಡಕ್ಕಿ ಪೂರ್ತಿ ನನ್ನ ಮುಖಕ್ಕೆ. ಕಣ್ಣಲ್ಲಿ ಖಾರ, ಮೀಸೇಲಿ ಈರುಳ್ಳಿ. ಅಕ್ಕ ಜಾರಾ ಎಣ್ಣೇಲಿ ಬಿಟ್ಟು ಓಡಿ ಬಂದು ಚೊಂಬಲ್ಲಿ ನೀರು ಕೊಟ್ರು, ಮುಖ ತೊಳ್ಕೊಳ್ತಾ ಇದ್ದಂಗೆ ಕೇಳಿದ್ರು, "ಅಲ್ಲಪಾ, ಗಾಳಿ ಒಳಗ ಎಳೀಬೇಕಲ್ಲ ಅದು, ಹೊರಗ ಯಾಕ ಊದ್ತೈತೆ?"

ಆ ಭಾನುವಾರ, ಮುರಿದ ಕಪ್ಲರ್, ಹಲ್ಲಲ್ಲಿ ಸುಲಿದ ವೈರು, ಎಲ್ಲಾ ಕಣ್ಮುಂದೆ ಬಂತು, ಕಣ್ಣು ಬಿಡಕ್ಕೆ ಆಗ್ತಿರ್ಲಿಲ್ಲ ಆದ್ರೂ ಬಂತು. ಮನೇಲಿ ಟೇಬಲ್ ಫ್ಯಾನಿನ ಪ್ಲಗ್ ತಿರುವಿ ಚುಚ್ಚಿದ್ರೂ ಅದು ತಿರುಗೋದು ಅದೇ ಕಡೆ, ಹಂಗಾಗಿ ಎರಡು ವೈರ್ ಸೇರಿದ್ರೆ ಆಯ್ತು ಅಂದ್ಕೊಂಡಿದ್ದೆ. ಬೈಕಲ್ಲಿರೋದು ಬ್ಯಾಟರಿ ಕರೆಂಟು, ಪ್ಲಸ್ ಮೈನಸ್ ಅದಲು ಬದಲಾದ್ರೆ ಮೋಟರು ಉಲ್ಟಾ ತಿರುಗ್ತೈತೆ. ಮುಂದಿಂದ ಗಾಳಿ ಎಳೆದು ಎಂಜಿನ್ ಕಡೆ ಬಿಡಬೇಕಾದ ಫ್ಯಾನು ಎಂಜಿನ್ ಬಿಸಿಯನ್ನೇ ಎಳೆದು ರೇಡಿಯೇಟರಿಗೆ ಊದ್ತಿತ್ತು, ಗಾಡಿ ಓಡುವಾಗ ಎದುರು ಬರೋ ಗಾಳಿ ಜೊತೆ ಕುಸ್ತಿ ಬೇರೆ. ತೊಡೆ ತಣ್ಣಗಿತ್ತಲ್ಲ, ಅದು ಇದಕ್ಕೇ. ಬಿಸಿ ಎಲ್ಲಾ ಮುಂದಿನ ಟೈರಿಗೆ ಹೋಗ್ತಿತ್ತು.

ವೈರ್ ತಿರುವಿ ಹಾಕೋದಕ್ಕೆ ಐದು ನಿಮಿಷ. ಜಾಳಿಗೆ ಮುಂದೆ ಒಂದು ಪೇಪರ್ ಚೂರು ಹಿಡಿದೆ, ಪಟ್ ಅಂತ ಅಂಟ್ಕೊಂಡಿತು. ಮರುದಿನ ರಾಯಲ್ ಸರ್ಕಲ್ ಸಿಗ್ನಲ್ಲಲ್ಲಿ ನಿಂತಾಗ ಫ್ಯಾನ್ ಶುರು ಆಯ್ತು, ಎರಡೇ ನಿಮಿಷಕ್ಕೆ ಕಡ್ಡಿ ಐದಕ್ಕೆ ಇಳೀತು, ಬಿಸಿ ಗಾಳಿ ಬಂದು ತೊಡೆಗೆ ಹೊಡೀತು, ಅಯ್ಯೋ ಎಷ್ಟು ದಿನ ಆಗಿತ್ತು ಹಿಂಗೆ ಸುಟ್ಟು.

ಹಿಂದೆ ಕೂತಿದ್ದ ದೋಸ್ತ ಬ್ಯಾಂಡೇಜ್ ಕೈಯಲ್ಲಿ ಮೊಣಕಾಲು ಉಜ್ಕೊಳ್ತಾ, "ಮತ್ತ ಸುಡ್ತೈತಲ್ಲೋ ಇದು, ಸೈಲೆನ್ಸರ್ ಹಾಕಿದ್ಮ್ಯಾಲ ತಣ್ಣಗಾಗೇತಿ ಅಂತಿದ್ದಿ?" ಅಂದ. ಅವನೂ ಸೈಲೆನ್ಸರ್ ಚೇಂಜ್ ಮಾಡಿಸಿದ ಇಬ್ಬರಲ್ಲಿ ಒಬ್ಬ. ನಾನು ಹಾರನ್ ಹೊಡೆದು ಸಿಗ್ನಲ್ ನೋಡ್ತಾ ಕೂತೆ.