‘ನೀವು ಸುಮ್ನೆ ಕುಂದರ್ರಿ’ ಅನ್ನೋ ಪ್ರೀತಿ

ಟೋಕಿಯೋದಲ್ಲಿ ನಮ್ಮ ಮನೆ ಎದುರಿನ ಪಾರ್ಕಿನಲ್ಲಿ ಬೆಳಿಗ್ಗೆ 6.30ಕ್ಕೆ ರೇಡಿಯೋ ಶುರುವಾಗುತ್ತದೆ. ಎಪ್ಪತ್ತು, ಎಂಬತ್ತು ದಾಟಿದವರು ಅದರ ತಾಳಕ್ಕೆ ಕೈಕಾಲು ಆಡಿಸುತ್ತಾರೆ. ರಾಜಿಯೋ ತೈಸೊ ಅಂತಾರೆ, 1928ರಿಂದ ಇದೆ. ಮುಗಿದ ಮೇಲೆ ಒಂದಿಬ್ಬರು ಪೊರಕೆ ಹಿಡಿದು ಪಾರ್ಕ್ ಗುಡಿಸುತ್ತಾರೆ. ಪುಕ್ಕಟೆ ಅಲ್ಲ, 60 ದಾಟಿದವರಿಗೆ ಇಂಥ ಸಣ್ಣಪುಟ್ಟ ಕೆಲಸ ಹುಡುಕಿ ಕೊಡೋಕೆ ‘ಸಿಲ್ವರ್ ಜಿನ್‌ಝೈ’ ಅನ್ನೋ ಕೇಂದ್ರಗಳೇ ಇವೆ. ಮೊದಲು ನೋಡಿದಾಗ ಪಾಪ ಅನಿಸಿತ್ತು. ಈ ವಯಸ್ಸಲ್ಲಿ ಪೊರಕೆನಾ? ಮಕ್ಕಳಿಲ್ವಾ ಇವರಿಗೆ?

ಆಮೇಲೆ ನಮ್ಮಪ್ಪ ನೆನಪಾದರು. ಕೊಪ್ಪಳ ಜಿಲ್ಲೆಯ ಕುಕನೂರಿನಲ್ಲಿ ನಮ್ಮದು ಕಿರಾಣಿ ಅಂಗಡಿ. ಯಾರ ಉದ್ರಿ ಎಷ್ಟು, ಯಾವ ಸಂತೆಗೆ ಕೊಡ್ತೀನಿ ಅಂದಿದ್ದರು, ಎಲ್ಲ ಅಪ್ಪನ ತಲೆಯಲ್ಲೇ. ಎಪ್ಪತ್ತು ತುಂಬಿದ ವರ್ಷ ನಾನು, ಅಣ್ಣ ಸೇರಿ ‘ದುಡಿದದ್ದು ಸಾಕು, ನೀವು ಸುಮ್ನೆ ಕುಂದರ್ರಿ’ ಅಂದೆವು. ಲೆಕ್ಕ ಅಣ್ಣನ ಮೊಬೈಲ್‌ಗೆ ಹೋಯಿತು, ಅಪ್ಪ ಟಿವಿ ಮುಂದೆ ಕೂತರು. ಕಿವಿ ಬೇರೆ ಮಂದ ಆಗಿತ್ತು. ಗುಡಿ ಕಟ್ಟೆಯಲ್ಲಿ ನಾಲ್ಕು ಮಂದಿ ನಕ್ಕಾಗ ಏನೂ ಕೇಳಿಸದೆ ತಾವೂ ನಗುತ್ತಿದ್ದರು, ಕೊನೆಗೆ ಹೋಗುವುದನ್ನೇ ಬಿಟ್ಟರು. ಹೆಸರು ಮರೆಯೋಕೆ ಶುರುವಾದಾಗ ಎಲ್ಲರೂ ಅಂದದ್ದು ಒಂದೇ, ಅರಳುಮರಳು, ವಯಸ್ಸಾದ ಮೇಲೆ ಇದ್ದದ್ದೇ.

ಹಾಗೇನಿಲ್ಲ. ಹೀಗೆ ನೆನಪು, ಬುದ್ಧಿ ಕುಂದುತ್ತಾ ಹೋಗುವ ಕಾಯಿಲೆಗೆ ಡಿಮೆನ್ಶಿಯಾ ಅಂತಾರೆ. ಅದರ ಪ್ರಕರಣಗಳಲ್ಲಿ ಹೆಚ್ಚುಕಮ್ಮಿ 45% ತಡೆಯಬಹುದು ಇಲ್ಲವೇ ಮುಂದೂಡಬಹುದು ಅಂತ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗದ 2024ರ ವರದಿ ಹೇಳುತ್ತದೆ. ವರದಿ ಲೆಕ್ಕಕ್ಕೆ ಹಿಡಿದ 14 ಕಾರಣಗಳಲ್ಲಿ ಬಿಪಿ, ಶುಗರ್, ಬೀಡಿ ಸಿಗರೇಟು ನಾವೆಲ್ಲ ಊಹಿಸುವಂಥವೇ. ನನ್ನನ್ನು ಚುಚ್ಚಿದ್ದು ಇನ್ನೆರಡು: ಕಿವಿ ಕೇಳದಿರುವುದು, ಜನರಿಂದ ದೂರ ಆಗುವುದು.

ಜಪಾನೇನು ಸ್ವರ್ಗ ಅಲ್ಲ ಬಿಡಿ. ಒಂಟಿಯಾಗಿ ಸತ್ತು ದಿನಗಟ್ಟಲೆ ಯಾರಿಗೂ ಗೊತ್ತಾಗದ ಸಾವಿಗೆ ಇಲ್ಲಿ ಕೊದೊಕುಶಿ ಅಂತ ಹೆಸರೇ ಇದೆ. ನಮ್ಮಲ್ಲಿ ಮನೆ ತುಂಬ ಜನ. ಆದರೆ ವಯಸ್ಸಾದವರ ಜೊತೆ ನಾವು ಆಡೋ ಮಾತು ಎಷ್ಟು? ‘ಊಟ ಆಯ್ತಾ, ಗುಳಿಗಿ ತಗೊಂಡ್ರಾ’, ಮುಗೀತು.

ಹೋದ ಸಲ ಊರಿಗೆ ಹೋದಾಗ ಜಗಳ ಮಾಡಿ ಕಿವಿ ಮೆಷಿನ್ ಹಾಕಿಸಿದೆ. ಮೊದಲ ವಾರ ಅದು ಡಬ್ಬಿಯಲ್ಲೇ ಇತ್ತು, ಗುಂಯ್ ಅಂತದ ಅಂತ. ಈಗ ದಿನಾ ಬೆಳಿಗ್ಗೆ ಎರಡು ತಾಸು ಗಲ್ಲಾದಲ್ಲಿ ಕೂರುತ್ತಾರೆ. ಮೊನ್ನೆ ಅವರೇ ಫೋನ್ ಮಾಡಿದರು: ‘ನಿಮ್ಮಣ್ಣ ಆ ಟೇಲರ್‌ಗೆ ಮತ್ತೆ ಎಣ್ಣಿ ಉದ್ರಿ ಕೊಟ್ಟಾನ. ಹಳೇದು 640 ಹಂಗೇ ಐತಿ. ಬುದ್ಧಿ ಅದ ಏನವಗ?’

ಅಣ್ಣನ ಮೊಬೈಲ್ ಪ್ರಕಾರ 680. ನಲವತ್ತು ರೂಪಾಯಿ ತಪ್ಪಿತ್ತು, ಬೈಗುಳ ಮಾತ್ರ ಒಂದೂ ತಪ್ಪಿರಲಿಲ್ಲ.